ಈಜು ಅಷ್ಟಾಗಿ ಬರಲ್ಲ, ಜಮಖಂಡಿ ಕಡೆಯವನು. ಹಡಗಿನ ಟ್ರೇನಿಂಗ್‌ಗೆ ಹೋಗಬಹುದಾ?

ನೀವು ಕೇಳಿದ್ದು ಮೂರು ಮಾತು. ಐಟಿಐ ಮುಗಿದಿದೆ, ಈಜು ಅಷ್ಟಾಗಿ ಬರಲ್ಲ, ಮರ್ಚೆಂಟ್ ನೇವಿಯ ಸೇಫ್ಟಿ ಟ್ರೇನಿಂಗ್ ಪಾಸಾಗ್ತೀನಾ? ಅಲ್ಲಿ ನಿಜವಾಗಿ ಏನು ಕಲಿಸ್ತಾರೆ? ಬರೀ ಬೇಸಿಕ್ ಕೋರ್ಸ್ ಮಾಡಿಸಿ ನೇರವಾಗಿ ಹಡಗು ಹತ್ತಿಸ್ತೀನಿ ಅನ್ನೋ ಏಜೆಂಟನ್ನು ನಂಬಬಹುದಾ? ಇನ್ನು ಉತ್ತರ ಬರೆಯುತ್ತಿರುವ ನಾನು ಬೀಳಗಿ ತಾಲ್ಲೂಕಿನವನು. ಬಲ್ಕ್ ಕ್ಯಾರಿಯರ್ ಹಡಗುಗಳಲ್ಲಿ, ಅಂದರೆ ಕಲ್ಲಿದ್ದಲು, ಧಾನ್ಯ, ಅದಿರು ಸುರಿದುಕೊಂಡು ಹೋಗುವಂಥವು, ಡೆಕ್ ಮೇಲೆ ಕೆಲಸ. ಈಗ ರಜೆಗೆ ಊರಿಗೆ ಬಂದಿದ್ದೇನೆ, ಪುರುಸೊತ್ತಿದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಏಜೆಂಟನ ವಿಷಯ ಮೊದಲು ಮುಗಿಸಿಬಿಡೋಣ. ನಂಬಬೇಡಿ. ಬೇಸಿಕ್ ಸೇಫ್ಟಿ ಕೋರ್ಸ್ ಅನ್ನೋದು ಹಡಗು ಹತ್ತುವ ಎಲ್ಲರಿಗೂ ಬೇಕು, ಕ್ಯಾಪ್ಟನ್‌ಗೂ ಬೇಕು, ಅಡುಗೆಯವನಿಗೂ ಬೇಕು. ಆದರೆ ಡೆಕ್ ಅಥವಾ ಇಂಜಿನ್ ಕಡೆ ಖಲಾಸಿಯಾಗಿ ಸೇರಲು ಅದೊಂದೇ ಸಾಲದು. ಅದಕ್ಕೆ ಆರು ತಿಂಗಳ ಜಿಪಿ ರೇಟಿಂಗ್ ಕೋರ್ಸ್, ಅಂದರೆ ಖಲಾಸಿ ಕೆಲಸದ ತರಬೇತಿ, ಇದೆ. ಡಿಜಿ ಶಿಪ್ಪಿಂಗ್, ಅಂದರೆ ಹಡಗಿನ ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ, ಒಪ್ಪಿಗೆ ಕೊಟ್ಟ ಸಂಸ್ಥೆಯಲ್ಲೇ ಇದ್ದು ಓದಬೇಕು, ಕೊನೆಗೆ ಪರೀಕ್ಷೆ ಬರೆಯಬೇಕು, ಆಮೇಲೆ ಸಿಡಿಸಿ, ಅಂದರೆ ನಾವಿಕರ ಪಾಸ್‌ಪೋರ್ಟ್ ಥರದ ಪುಸ್ತಕ, ಸಿಗುತ್ತದೆ. ಹತ್ತನೇ ಕ್ಲಾಸ್ ಪಾಸಾದವರೂ ಐಟಿಐ ಮಾಡಿದವರೂ ಸೇರಬಹುದು, ಇಂಗ್ಲಿಷ್‌ನಲ್ಲಿ ಕನಿಷ್ಠ ಶೇ. 40 ಅಂಕ ಇರಬೇಕು, ವಯಸ್ಸು ಹದಿನೇಳೂವರೆಯಿಂದ 25ರ ಒಳಗೆ. ಕ್ರೂಸ್ ಹಡಗಿನ ಹೋಟೆಲ್ ಕೆಲಸದ ದಾರಿ ಬೇರೆ, ಅದನ್ನು ಇದಕ್ಕೆ ಬೆರೆಸಿ ಹೇಳಿ ಹುಡುಗರನ್ನು ದಾರಿ ತಪ್ಪಿಸುವವರು ಜಾಸ್ತಿ.

ಇನ್ನೊಂದು, ಹಡಗಿಗೆ ಜನ ಕಳಿಸುವ ಕಂಪನಿಗೆ ಆರ್‌ಪಿಎಸ್‌ಎಲ್ ಅನ್ನೋ ಲೈಸೆನ್ಸ್ ಇರಲೇಬೇಕು, ಅದರ ಪಟ್ಟಿ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲೇ ಇದೆ. ಲೈಸೆನ್ಸ್ ಇದ್ದವರೂ ಕೆಲಸ ಕೊಡಿಸುತ್ತೇನೆ ಅಂತ ನಿಮ್ಮಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ, ಅದು ಕಾನೂನು. ನಮ್ಮ ಪಕ್ಕದೂರಿನ ಒಬ್ಬ ಹುಡುಗನ ಮನೆಯವರು ಹೊಲ ಅಡ ಇಟ್ಟು ಇಂಥ ಒಬ್ಬನಿಗೆ ದುಡ್ಡು ಕೊಟ್ಟರು. ಹುಡುಗ ಟೂರಿಸ್ಟ್ ವೀಸಾದ ಮೇಲೆ ಕೊಲ್ಲಿ ಕಡೆ ಹೋಗಿ, ಸಂಬಳ ಇಲ್ಲದ ಹಳೇ ಹಡಗಿನಲ್ಲಿ ತಿಂಗಳುಗಟ್ಟಲೆ ಕೂತು ವಾಪಸ್ ಬಂದ. ಜಾಸ್ತಿ ಹೇಳುವುದಿಲ್ಲ, ಇಷ್ಟರಲ್ಲೇ ಅರ್ಥ ಮಾಡಿಕೊಳ್ಳಿ.

ಈಗ ಈಜು. ಅಲ್ಲಿ ಯಾರೂ ಕೃಷ್ಣಾ ಹೊಳೆ ದಾಟು ಅಂತ ಹೇಳುವುದಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡು ಎತ್ತರದಿಂದ ನೀರಿಗೆ ಜಿಗಿಯಬೇಕು, ಜಾಕೆಟ್ ಸಮೇತ ಈಜಬೇಕು, ಜಾಕೆಟ್ ಇಲ್ಲದೆ ಸ್ವಲ್ಪ ಹೊತ್ತು ತೇಲಬೇಕು, ಬೋರಲು ಬಿದ್ದ ಲೈಫ್ ರಾಫ್ಟನ್ನು, ಅಂದರೆ ಗ್ಯಾಸ್ ತುಂಬಿ ಉಬ್ಬುವ ರಬ್ಬರ್ ತೆಪ್ಪವನ್ನು, ಮಗುಚಿ ಹತ್ತಬೇಕು. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಾವಿಯಲ್ಲಿ ಕೈಕಾಲು ಬಡಿದವರಿಗೆ ಇದೇನೂ ಕಷ್ಟ ಅಲ್ಲ. ಅಷ್ಟೂ ಬರದಿದ್ದರೆ ಕೋರ್ಸಿಗೆ ಹೋಗುವ ಮುಂಚೆ ಒಂದು ಈಜುಕೊಳಕ್ಕೆ ಸೇರಿಕೊಳ್ಳಿ. ಆಲಮಟ್ಟಿ ಹಿನ್ನೀರಿನಲ್ಲಿ ಒಬ್ಬರೇ ಇಳಿಯುವುದು ಮಾತ್ರ ಬೇಡ.

ಜಿಗಿಯುವುದಕ್ಕೂ ಒಂದು ಪದ್ಧತಿ ಇದೆ. ಒಂದು ಕೈಯಿಂದ ಮೂಗು ಬಾಯಿ ಮುಚ್ಚಿಕೊಂಡು, ಇನ್ನೊಂದು ಕೈಯನ್ನು ಅದರ ಮೇಲೆ ಅಡ್ಡ ತಂದು ಜಾಕೆಟನ್ನು ಗಟ್ಟಿಯಾಗಿ ಕೆಳಕ್ಕೆ ಹಿಡಿಯಬೇಕು. ಹಿಡಿಯದಿದ್ದರೆ ನೀರಿಗೆ ಬಿದ್ದ ಹೊಡೆತಕ್ಕೆ ಅದು ಮೇಲೆದ್ದು ಗದ್ದಕ್ಕೆ ಬಡಿಯುತ್ತದೆ. ಕೆಳಗೆ ಒಮ್ಮೆ ನೋಡಿ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ನೇರ ಮುಂದಕ್ಕೆ ನೋಡುತ್ತಾ ಸುಮ್ನೆ ಒಂದು ಹೆಜ್ಜೆ ಮುಂದಿಡಬೇಕು. ಕೆಳಗೇ ನೋಡುತ್ತಾ ಹೋದರೆ ಮೈ ಮುಂದಕ್ಕೆ ಬಾಗಿ ಮುಖ ಮೊದಲು ನೀರಿಗೆ ಬಡಿಯುತ್ತದೆ. ಬೋರಲು ಬಿದ್ದ ರಾಫ್ಟಿಗೆ ಬಂದರೆ, ಗ್ಯಾಸ್ ಸಿಲಿಂಡರ್ ಇರುವ ಬದಿ ಹುಡುಕಿ ಅದರ ಮೇಲೆ ನಿಂತು, ತಳದಲ್ಲಿರುವ ಪಟ್ಟಿ ಹಿಡಿದು ಹಿಂದಕ್ಕೆ ಜೋತು ಬೀಳಬೇಕು. ರಾಫ್ಟ್ ಎದ್ದು ನಿಮ್ಮ ಮೇಲೇ ಬೀಳುತ್ತದೆ. ಆ ಕ್ಷಣ ಕತ್ತಲು, ಮೇಲೆ ರಬ್ಬರು, ಕೆಳಗೆ ನೀರು, ಎಂಥವನಿಗೂ ಎದೆ ಡವಡವ ಅನ್ನುತ್ತದೆ. ಅಂಗಾತ ಆಗಿ ಕೈಯಿಂದ ರಾಫ್ಟ್ ತಳ ತಳ್ಳುತ್ತಾ ಹೊರಗೆ ಬರುವುದು, ಅಷ್ಟೇ. ಈ ಭಯ ಈಜುಕೊಳದಲ್ಲೇ ಒಮ್ಮೆ ಆಗಿಹೋಗಲಿ ಅಂತಲೇ ಮಾಡಿಸುತ್ತಾರೆ.

ಇದೆಲ್ಲ ನಿಜವಾಗಿ ಬೇಕಾಗುತ್ತಾ ಅಂತ ಅನಿಸಬಹುದು. 2025ರ ಮೇ ತಿಂಗಳಲ್ಲಿ ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ 3 ಅನ್ನೋ ಕಂಟೇನರ್ ಹಡಗು ಒಂದು ಕಡೆಗೆ ವಾಲಿ ಮುಳುಗಿತಲ್ಲ, ಅದರಲ್ಲಿ 24 ಜನ ಇದ್ದರು, ಎಲ್ಲರೂ ಬದುಕಿದರು. ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಬಂದಿದ್ದು ದೊಡ್ಡ ಕಾರಣ ನಿಜ, ಆದರೆ ಅವರು ಬರುವ ತನಕ ತಡೆದುಕೊಳ್ಳುವುದು ಹಡಗಿನವರ ಕೆಲಸವೇ. ಲೈಫ್ ಬೋಟಿನಲ್ಲಿ ಒಬ್ಬರಿಗೆ 3 ಲೀಟರ್ ಲೆಕ್ಕದಲ್ಲಿ ಕುಡಿಯುವ ನೀರು ಇರುತ್ತದೆ, ಗಾಯಾಳುಗಳಿಗೆ ಬಿಟ್ಟರೆ ಮೊದಲ 24 ಗಂಟೆ ಯಾರಿಗೂ ಕೊಡಬೇಡಿ ಅಂತ ಕಲಿಸುತ್ತಾರೆ. ಎಷ್ಟೇ ಬಾಯಾರಿದರೂ ಸಮುದ್ರದ ನೀರು ಕುಡಿಯುವ ಹಾಗಿಲ್ಲ.

ಬೇಸಿಕ್ ಟ್ರೇನಿಂಗ್‌ನಲ್ಲಿ ಇದಲ್ಲದೆ ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಮತ್ತೆ ಹಡಗಿನಲ್ಲಿ ಹೇಗಿರಬೇಕು ಅನ್ನೋ ಒಂದು ಪಾಠ ಇರುತ್ತದೆ, ಜೊತೆಗೆ ಕಡಲ್ಗಳ್ಳರು, ಬಾಂಬು ಇಂಥದ್ದಕ್ಕೆ ಸೆಕ್ಯುರಿಟಿ ಕೋರ್ಸು ಬೇರೆ. ಎಸ್‌ಟಿಸಿಡಬ್ಲ್ಯೂ ಅಂತ 1978ರ ಅಂತಾರಾಷ್ಟ್ರೀಯ ಒಪ್ಪಂದ ಇದೆ, 2010ರಲ್ಲಿ ಮನಿಲಾದಲ್ಲಿ ದೊಡ್ಡ ತಿದ್ದುಪಡಿ ಆಯಿತು, ಎಲ್ಲ ದೇಶದವರೂ ಅದರ ಪ್ರಕಾರವೇ ಕಲಿಸಬೇಕು. ನೀರಿನದ್ದು ಮತ್ತು ಬೆಂಕಿಯದ್ದು ಐದು ವರ್ಷಕ್ಕೊಮ್ಮೆ ರಿಫ್ರೆಶ್ ಮಾಡಬೇಕು. ಪ್ರಥಮ ಚಿಕಿತ್ಸೆಯನ್ನು ಹಗುರಾಗಿ ತೆಗೆದುಕೊಳ್ಳಬೇಡಿ, ಹಡಗಿನಲ್ಲಿ ಡಾಕ್ಟರ್ ಇರಲ್ಲ. ಹೇಗಿರಬೇಕು ಅನ್ನೋ ಪಾಠದಲ್ಲಿ ಅರ್ಧ ಕ್ಲಾಸು ತೂಕಡಿಸುತ್ತದೆ, ನಿಜ ಹೇಳಬೇಕು ಅಂದರೆ ಪಾಠ ಮಾಡುವವರ ಮೇಲೆ ನಿಂತಿದೆ. 2026ರ ಜನವರಿಯಿಂದ ಅದರಲ್ಲಿ ಕಿರುಕುಳ, ದಬ್ಬಾಳಿಕೆ, ಲೈಂಗಿಕ ಕಿರುಕುಳ ತಡೆಯುವ ವಿಷಯವೂ ಸೇರಿದೆ. ಬೇಕಾಗಿತ್ತು ಅದು.

ಬೆಂಕಿಯ ಪಾಠದಲ್ಲಿ ಹೊಗೆ ತುಂಬಿದ ಕತ್ತಲು ಕೋಣೆಗೆ ಬಿಡುತ್ತಾರೆ. ಬೆನ್ನ ಮೇಲೆ ಗಾಳಿಯ ಬಾಟಲಿ, ಮುಖಕ್ಕೆ ಮಾಸ್ಕ್. ಕಣ್ಣಿಗೆ ಏನೂ ಕಾಣಲ್ಲ, ನಿಮ್ಮ ಉಸಿರಿನ ಸದ್ದೇ ದೊಡ್ಡದಾಗಿ ಕೇಳುತ್ತದೆ. ಪಾದ ಎತ್ತದೆ ಉಜ್ಜುತ್ತಾ ನಡೆಯಬೇಕು, ಮುಂದೆ ನೆಲ ಇದೆಯೋ ತೂತು ಇದೆಯೋ ಗೊತ್ತಿಲ್ಲವಲ್ಲ. ಗೋಡೆ ತಡವುವಾಗ ಅಂಗೈ ಬೇಡ, ಕೈಯ ಹಿಂಬದಿ ತಾಗಿಸಬೇಕು. ಕರೆಂಟಿನ ತಂತಿ ಮುಟ್ಟಿಬಿಟ್ಟರೆ ಕೈ ಮುಷ್ಟಿ ಕಟ್ಟಿಕೊಳ್ಳುತ್ತದೆ, ಅಂಗೈ ಆದರೆ ತಂತಿಯನ್ನೇ ಹಿಡಿದುಬಿಡುತ್ತದೆ. ಗಾಳಿ ಮುಗಿಯುತ್ತಾ ಬಂದಾಗ ಸೆಟ್ ತಾನೇ ಸೀಟಿ ಹೊಡೆಯುತ್ತದೆ, ಆದರೆ ಸೀಟಿಗೆ ಕಾಯುತ್ತಾ ಕೂರಬಾರದು, ಮೀಟರ್ ನೋಡಿಕೊಂಡು ವಾಪಸ್ ಬರುವಷ್ಟು ಗಾಳಿ ಉಳಿಸಿಕೊಂಡೇ ಒಳಗೆ ಹೋಗಬೇಕು. ಸಮುದ್ರದ ನಡುವೆ ಅಗ್ನಿಶಾಮಕದವರು ಬರಲ್ಲ. ಆರಿಸಿದರೆ ನಾವೇ ಆರಿಸಬೇಕು.

ಇಷ್ಟೆಲ್ಲ ಆದ ಮೇಲೂ ಹಡಗಿನಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸುವುದು ನೀರೂ ಅಲ್ಲ, ಬೆಂಕಿಯೂ ಅಲ್ಲ. ಮುಚ್ಚಿಟ್ಟ ಟ್ಯಾಂಕು ಮತ್ತು ಹೋಲ್ಡು, ಅಂದರೆ ಸರಕು ತುಂಬುವ ಕೋಣೆ. ನಿಮ್ಮ ಮನೆಯ ಹಿರಿಯರನ್ನು ಹಗೇವಿನ, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿಯ ಬಗ್ಗೆ ಕೇಳಿ ನೋಡಿ. ಜೋಳ ತುಂಬಿದ ಹಗೇವು ತೆಗೆದಾಗ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆಗೆದು ಗಾಳಿ ಆಡಲು ಬಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಹೋಗುವ ಹಾಗಿಲ್ಲ. ಕಾಳು ಉಸಿರಾಡಿ ಆಮ್ಲಜನಕ ತಿಂದುಬಿಟ್ಟಿರುತ್ತದೆ, ಕಾರ್ಬನ್ ಡೈ ಆಕ್ಸೈಡ್ ತಳದಲ್ಲಿ ಕೂತಿರುತ್ತದೆ. ಹಡಗಿನ ಹೋಲ್ಡಿನಲ್ಲಿ ಆಗುವುದೂ ಇದೇ, ಸಾವಿರಾರು ಟನ್ ಲೆಕ್ಕದಲ್ಲಿ. ಕಲ್ಲಿದ್ದಲು, ಮರದ ದಿಮ್ಮಿ, ಧಾನ್ಯ ಎಲ್ಲವೂ ಆಮ್ಲಜನಕ ಹೀರುತ್ತವೆ. ಬ್ಯಾಲಸ್ಟ್ ಟ್ಯಾಂಕು, ಅಂದರೆ ಹಡಗಿನ ತೂಕ ಸರಿದೂಗಿಸಲು ನೀರು ತುಂಬುವ ಟ್ಯಾಂಕು, ಏನೂ ಇಲ್ಲದೆ ಖಾಲಿ ಇದ್ದರೂ ಹಾಗೇ. ಕಬ್ಬಿಣ ತುಕ್ಕು ಹಿಡಿಯುತ್ತದಲ್ಲ, ತುಕ್ಕಿಗೆ ಬೇಕಾದ ಆಮ್ಲಜನಕ ಒಳಗಿನ ಗಾಳಿಯಿಂದಲೇ ಹೋಗುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಏಣಿ ಇಳಿಯುತ್ತಾ ಇರುವಾಗಲೇ ಮನುಷ್ಯ ಕುಸಿಯುತ್ತಾನೆ.

ಹಡಗಿನಲ್ಲಿ ಲಾಟೀನು ನಡೆಯಲ್ಲ. ಒಳಗೆ ಹೊತ್ತಿಕೊಳ್ಳುವ ಗ್ಯಾಸ್ ಇದ್ದರೆ ಟ್ಯಾಂಕೇ ಸ್ಫೋಟ ಆಗುತ್ತದೆ. ಅಲ್ಲದೆ ದೀಪ ಉರಿಯುವಷ್ಟು ಆಮ್ಲಜನಕ ಇದ್ದ ಮಾತ್ರಕ್ಕೆ ಮನುಷ್ಯನಿಗೆ ಸಾಕು ಅಂತಲೂ ಇಲ್ಲ. ಹಾಗಾಗಿ ಗ್ಯಾಸ್ ಮೀಟರ್. ಮೊದಲು ಫ್ಯಾನ್ ಹಾಕಿ ಗಾಳಿ ಆಡಿಸಬೇಕು, ಆಮೇಲೆ ಮೀಟರಿನ ಟ್ಯೂಬ್ ಬಿಟ್ಟು ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ನೋಡಬೇಕು. ಆಮ್ಲಜನಕ ಹೊರಗಿನ ಗಾಳಿಯಷ್ಟೇ, ಶೇ. 20.9ರ ಹತ್ತಿರ ಬರಬೇಕು. ಹೊತ್ತಿಕೊಳ್ಳುವ ಗ್ಯಾಸ್, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಕೂಡ ನೋಡಬೇಕು. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆ ಅಂತಾರೆ, ಆದರೆ ಜಾಸ್ತಿ ಇದ್ದಾಗ ಅದು ಮೂಗನ್ನೇ ಸಾಯಿಸುತ್ತದೆ, ವಾಸನೆ ಹೋಯಿತು, ಗ್ಯಾಸೂ ಹೋಯಿತು ಅಂದುಕೊಂಡು ಇಳಿದರೆ ಮುಗಿಯಿತು. ಪರ್ಮಿಟ್ ಬರೆದು ಸಹಿ ಆಗಬೇಕು, ಟ್ಯಾಂಕಿನ ಬಾಯಿಯ ಹತ್ತಿರ ಒಬ್ಬ ವಾಕಿಟಾಕಿ ಹಿಡಿದು ನಿಂತೇ ಇರಬೇಕು, ಎಂಥ ಕೆಲಸ ಬಂದರೂ ಅವನು ಅಲ್ಲಾಡಬಾರದು.

ಈಗ ಮುಖ್ಯ ಮಾತು. ಒಳಗೆ ಒಬ್ಬ ಬಿದ್ದಿದ್ದು ಕಂಡರೆ ನೀವು ಇಳಿಯಬಾರದು. ಕೂಗಿ ಅಲಾರಂ ಮಾಡಿಸಬೇಕು, ಗಾಳಿ ಬಾಟಲಿ ಹಾಕಿಕೊಂಡ ತಂಡ ಬರುವ ತನಕ ಮೇಲೇ ನಿಲ್ಲಬೇಕು. ಹೇಳೋಕೆ ಸುಲಭ. ಒಟ್ಟಿಗೆ ಊಟ ಮಾಡಿದವನು ಕೆಳಗೆ ಬಿದ್ದಿದ್ದಾನೆ, ಕಾಲು ತಾನಾಗೇ ಏಣಿ ಕಡೆ ಹೋಗುತ್ತದೆ. ನಮ್ಮ ಕಡೆ ಬಾವಿ, ಮ್ಯಾನ್‌ಹೋಲ್‌ಗಳಲ್ಲಿ ಒಬ್ಬನನ್ನು ಎತ್ತಲು ಹೋಗಿ ಮತ್ತಿಬ್ಬರು ಸಾಯುವ ಸುದ್ದಿ ಓದಿರುತ್ತೀರಿ, ಹಡಗಿನಲ್ಲೂ ಸಾಯುವುದು ಹಾಗೆಯೇ, ಕಾಪಾಡಲು ಹೋದವರು. ಅದಕ್ಕೇ 2015ರಿಂದ ಇದರ ಡ್ರಿಲ್ ಎರಡು ತಿಂಗಳಿಗೊಮ್ಮೆ ಕಡ್ಡಾಯ ಮಾಡಿದ್ದಾರೆ. ಡ್ರಿಲ್ ಮಾಡಿ ಮಾಡಿ, ಯೋಚನೆ ಬರುವ ಮುಂಚೆ ಕೈ ವಾಕಿಟಾಕಿಗೆ ಹೋಗುವ ಹಾಗೆ ಆಗಬೇಕು. ಕೋರ್ಸಿನಲ್ಲಿ ಇದನ್ನು ಒಂದು ತಾಸಿನಲ್ಲಿ ಹೇಳಿ ಮುಗಿಸುವ ಸಂಸ್ಥೆಗಳಿವೆ, ನೀವು ಸೇರುವ ಕಡೆ ಡಮ್ಮಿ ಟ್ಯಾಂಕ್ ಇದೆಯಾ, ಅದರಿಂದ ಮನುಷ್ಯನನ್ನು ಎತ್ತುವುದು ಮಾಡಿಸುತ್ತಾರಾ ಅಂತ ಕೇಳಿ. ನನ್ನ ಪ್ರಕಾರ ಹಾಸ್ಟೆಲ್ ಊಟಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಇನ್ನು ಹಗ್ಗದ ಕೆಲಸ. ಹಡಗು ಬಂದರಿಗೆ ಕಟ್ಟುವಾಗ ಹಗ್ಗ ಬಿಗಿಯಾಗಿ ತುಂಡಾದರೆ ತುದಿ ಹಿಂದಕ್ಕೆ ಬೀಸುತ್ತದೆ, ಕಣ್ಣಿಗೆ ಕಾಣುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಮುಂಚೆ ಎಲ್ಲಿ ಬೀಸಬಹುದು ಅಂತ ಡೆಕ್ ಮೇಲೆ ಬಣ್ಣ ಬಳಿಯುತ್ತಿದ್ದರು, ಈಗ ಹಗ್ಗ ಕಟ್ಟುವ ಇಡೀ ಮೂರಿಂಗ್ ಡೆಕ್ಕೇ ಅಪಾಯದ ಜಾಗ ಅಂತ ತಿಳಿದುಕೊಳ್ಳಿ ಅನ್ನುತ್ತಾರೆ, ಅದೇ ಸರಿ. ಸುತ್ತಿದ ಹಗ್ಗದ ಉಂಗುರದೊಳಗೆ ಕಾಲಿಡಬೇಡಿ. ಬೋಸನ್, ಅಂದರೆ ಡೆಕ್ ಖಲಾಸಿಗಳ ಮುಖ್ಯಸ್ಥ, ಹೇಳಿದ್ದು ಅರ್ಥ ಆಗದಿದ್ದರೆ ತಲೆ ಆಡಿಸದೆ ಮತ್ತೊಮ್ಮೆ ಕೇಳಿ. ಕನ್ನಡ ಮೀಡಿಯಂ ಹುಡುಗರು ನಾಚಿಕೆಗೆ ಯೆಸ್ ಯೆಸ್ ಅನ್ನುತ್ತಾರೆ, ಅದು ಬೇಡ. ಚುಕ್ಕಾಣಿ ಹಿಡಿದಾಗಲಂತೂ ಆರ್ಡರ್ ಕೊಟ್ಟ ಮಾತನ್ನೇ ಜೋರಾಗಿ ತಿರುಗಿ ಹೇಳಬೇಕು, ಎಲ್ಲ ದೇಶದವರೂ ಹಾಗೇ ಮಾಡುತ್ತಾರೆ.

ಹಡಗಿನಲ್ಲಿ ಬೆಂಕಿಯ ಡ್ರಿಲ್, ಅಪಾಯದಲ್ಲಿ ಹಡಗು ತೊರೆಯುವ ಡ್ರಿಲ್ ಎರಡೂ ತಿಂಗಳಿಗೊಮ್ಮೆ ಇರುತ್ತವೆ. ನಾಲ್ಕರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಹೊಸಬರು ಬಂದಿದ್ದರೆ ಬಂದರು ಬಿಟ್ಟ 24 ಗಂಟೆಯೊಳಗೆ ಮಾಡಲೇಬೇಕು. ಏಳು ಚಿಕ್ಕ ಸದ್ದು, ಒಂದು ಉದ್ದ ಸದ್ದು ಕೇಳಿದರೆ ಎಲ್ಲ ಬಿಟ್ಟು ಜಾಕೆಟ್ ತೆಗೆದುಕೊಂಡು ನಿಮ್ಮ ಮಸ್ಟರ್ ಜಾಗಕ್ಕೆ, ಅಂದರೆ ಎಲ್ಲರೂ ಸೇರುವ ಜಾಗಕ್ಕೆ. ವಿಶ್ರಾಂತಿಗೂ ನಿಯಮ ಇದೆ, 24 ಗಂಟೆಯಲ್ಲಿ ಕನಿಷ್ಠ 10, ವಾರಕ್ಕೆ 77 ಗಂಟೆ. ಸುಳ್ಳು ಯಾಕೆ, ಬಂದರಿನ ಮೇಲೆ ಬಂದರು ಬಂದಾಗ ಈ ಲೆಕ್ಕ ಕಾಗದದ ಮೇಲೆ ಚೆನ್ನಾಗಿರುತ್ತದೆ, ಕಣ್ಣಲ್ಲಿ ಇರಲ್ಲ. ಡ್ರಿಲ್ ಕೂಡ ಫೋಟೋ ತೆಗೆದು ಮುಗಿಸುವ ಹಡಗುಗಳಿವೆ. ಅಂಥಲ್ಲಿ ಸಿಕ್ಕಿಕೊಂಡರೆ ನೀವೇ ಬಿಡುವಿನಲ್ಲಿ ಹೋಗಿ ರಾಫ್ಟ್ ಎಲ್ಲಿದೆ, ಗಾಳಿ ಸೆಟ್ ಎಲ್ಲಿದೆ, ಇಂಜಿನ್ ರೂಮಿನಿಂದ ಹೊರಬರುವ ಎರಡನೇ ದಾರಿ ಯಾವುದು, ಕತ್ತಲಲ್ಲೂ ಗೊತ್ತಾಗುವ ಹಾಗೆ ನಡೆದು ನೋಡಿಕೊಳ್ಳಿ.

ತಮ್ಮಾ, ಫೀಸ್ ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಬಾಗಲಕೋಟೆಯಲ್ಲೋ ವಿಜಯಪುರದಲ್ಲೋ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿಕೊಳ್ಳಿ, ಚುಕ್ಕಿಗಳ ನಡುವೆ ನಂಬರ್ ಓದಿಸುತ್ತಾರಲ್ಲ, ಅದು. ರಾತ್ರಿ ಎದುರು ಹಡಗಿನ ಕೆಂಪು ದೀಪ, ಹಸಿರು ದೀಪ ನೋಡಿಯೇ ಅದು ಯಾವ ಕಡೆ ಹೋಗುತ್ತಿದೆ ಅಂತ ತಿಳಿಯುವುದು, ಬಣ್ಣ ಬೆರೆಯುವವರನ್ನು ಡೆಕ್ಕಿಗೆ ತೆಗೆದುಕೊಳ್ಳಲ್ಲ. ಎಷ್ಟೋ ಜನರಿಗೆ ಇದು ಫೀಸ್ ಕಟ್ಟಿದ ಮೇಲೆ ಗೊತ್ತಾಗುತ್ತದೆ. ಆ ರಿಪೋರ್ಟ್ ಸರಿ ಇದ್ದರೆ ಡಿಜಿ ಶಿಪ್ಪಿಂಗ್ ಪಟ್ಟಿಯಲ್ಲಿ ಸಂಸ್ಥೆಯ ಹೆಸರು ನೋಡಿ, ಆಗದಿದ್ದರೆ ಇಲ್ಲೇ ಕೇಳಿ, ನಾನು ಮುಂದಿನ ಸೈನ್ ಆನ್ ತನಕ, ಅಂದರೆ ಮತ್ತೆ ಹಡಗು ಹತ್ತುವ ತನಕ, ಊರಲ್ಲೇ ಇರುತ್ತೇನೆ.