ತುರಿಕೆ ಎಂದು ಗುಳಿಗೆ ಬಿಡಬೇಡಿ

ಪ್ರಶ್ನೆ: ಡಾಕ್ಟರ್ ಮೇಡಂ, ನಮಸ್ಕಾರ. ನನಗೆ 47 ವರ್ಷ, ಊರು ಬ್ಯಾಡಗಿ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡುತ್ತೇನೆ. ಕಳೆದ ವರ್ಷ ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದಾಗ ಹೆಪಟೈಟಿಸ್ ಸಿ ಇರುವುದು ಗೊತ್ತಾಯಿತು. 1999ರಲ್ಲಿ ಹೆರಿಗೆಯ ಹೊತ್ತಿಗೆ ರಕ್ತ ಹಾಕಿಸಿಕೊಂಡಿದ್ದೆ, ಅದರಿಂದಲೇ ಬಂದಿರಬಹುದು ಎಂದರು. ಈಗ ಸೊಫೊಸ್ಬುವಿರ್ ಮತ್ತು ವೆಲ್ಪಟಾಸ್ವಿರ್ ಸೇರಿದ ಗುಳಿಗೆ ದಿನಕ್ಕೊಂದು, ರಿಬಾವಿರಿನ್ ಬೆಳಿಗ್ಗೆ ಮತ್ತು ರಾತ್ರಿ ನುಂಗುತ್ತಿದ್ದೇನೆ. ಒಂದು ತಿಂಗಳಾದ ಮೇಲೆ ಕೈ, ಬೆನ್ನು, ಕಾಲಿನಲ್ಲಿ ಕೆಂಪು ದದ್ದು ಎದ್ದು ವಿಪರೀತ ತುರಿಕೆ. ರಾತ್ರಿ ನಿದ್ದೆಯೇ ಇಲ್ಲ. ಔಷಧಿ ಅಂಗಡಿಯ ಮುಲಾಮು ಹಚ್ಚಿದಾಗ ಕಡಿಮೆಯಾಗಿ, ಈಗ ತೊಡೆಯ ಸಂದಿಯಲ್ಲಿ ಬಳೆಯಾಕಾರದಲ್ಲಿ ಹರಡಿದೆ. ಗುಳಿಗೆ ಮೈಗೆ ಒಗ್ಗುತ್ತಿಲ್ಲ, ಒಂದು ವಾರ ಬಿಡು ಎಂದು ನಾದಿನಿ ಹೇಳುತ್ತಾಳೆ. ಮೊಮ್ಮಗುವನ್ನು ಎತ್ತಿಕೊಳ್ಳಲೂ ಸೊಸೆ ಹೆದರುತ್ತಾಳೆ. ಏನು ಮಾಡಲಿ?

ಉತ್ತರ: ತಂಗಿ, ನಾದಿನಿಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ಗುಳಿಗೆಯನ್ನು ನಿಮ್ಮಷ್ಟಕ್ಕೆ ನೀವೇ ಒಂದು ದಿನವೂ ನಿಲ್ಲಿಸಬೇಡಿ. ನಡುವೆ ಬಿಟ್ಟರೆ ಉಳಿದ ವೈರಸ್ಸು ಮತ್ತೆ ಹೆಚ್ಚಿಕೊಳ್ಳುತ್ತದೆ. ಕೆಲವೊಮ್ಮೆ ಅದೇ ಔಷಧಿಗೆ ಬಗ್ಗದಂತೆಯೂ ಆಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬುವಷ್ಟು ಲಿವರ್ ಸೊರಗಿದವರಿಗೆ ಇನ್ನೊಮ್ಮೆ ಮೊದಲಿನಿಂದ ಶುರು ಮಾಡುವ ಅವಕಾಶ ಸುಲಭವಾಗಿ ಸಿಗುವುದಿಲ್ಲ. ಹಿಂದೆ ಇದೇ ಕಾಯಿಲೆಗೆ ಇಂಟರ್‌ಫೆರಾನ್ ಚುಚ್ಚುಮದ್ದನ್ನು 48 ವಾರಗಳವರೆಗೂ ಕೊಡಬೇಕಾಗುತ್ತಿತ್ತು. ಜ್ವರ, ಕೂದಲು ಉದುರುವಿಕೆ, ಮಂಕುತನ ತಾಳಲಾರದೆ ಅರ್ಧಕ್ಕೆ ಬಿಟ್ಟವರನ್ನು ನಾನು ಹುಬ್ಬಳ್ಳಿಯಲ್ಲಿ ಕಂಡಿದ್ದೇನೆ. ಈಗಿನ ಗುಳಿಗೆಗಳು ಬಹುಪಾಲು ರೋಗಿಗಳಿಗೆ 12 ವಾರಗಳಲ್ಲಿ ಮುಗಿಯುತ್ತವೆ, ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಇವು ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತವಾಗಿಯೂ ಸಿಗುತ್ತವೆ. ಕೈಗೆ ಬಂದ ಇಂಥ ಚಿಕಿತ್ಸೆಯನ್ನು ತುರಿಕೆಯ ಕಾರಣಕ್ಕೆ ಕಳೆದುಕೊಳ್ಳಬಾರದು.

ಹಾಗೆಂದು ತುರಿಕೆಯನ್ನು ಸಹಿಸಿಕೊಂಡಿರಿ ಎನ್ನುವುದಿಲ್ಲ. ರಾತ್ರಿಯಿಡೀ ಕೆರೆದುಕೊಳ್ಳುವವರ ಸಂಕಟ ಚಿಕ್ಕದಲ್ಲ. ನಿಮ್ಮ ಪತ್ರ ಓದಿದರೆ ಒಂದಲ್ಲ, ಮೂರು ತುರಿಕೆಗಳು ಒಂದರ ಮೇಲೊಂದು ಕೂತಂತೆ ಕಾಣುತ್ತದೆ.

ಮೊದಲನೆಯದು ರಿಬಾವಿರಿನ್‌ನದು. ನೀವು ನುಂಗುವ ಔಷಧಿಗಳಲ್ಲಿ ದದ್ದು, ಒಣಚರ್ಮ, ತುರಿಕೆಗೆ ಹೆಚ್ಚಾಗಿ ಕಾರಣವಾಗುವುದು ಇದೇ. ಅಗತ್ಯ ಬಿದ್ದರೆ ವೈದ್ಯರು ಇದೊಂದರ ಪ್ರಮಾಣವನ್ನು ಇಳಿಸಿ, ದಿನಕ್ಕೊಂದರ ಗುಳಿಗೆಯನ್ನು ಹಾಗೆಯೇ ಮುಂದುವರಿಸಬಲ್ಲರು. ಆದ್ದರಿಂದ ತುರಿಕೆಯ ವಿಷಯವನ್ನು ನನಗಿಂತ ಮೊದಲು ಅವರಿಗೆ ತಿಳಿಸಿ. ಇದೇ ಔಷಧಿ ರಕ್ತವನ್ನೂ ಇಳಿಸುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಬಡಿತ ಇದ್ದರೆ ಹಿಮೊಗ್ಲೋಬಿನ್ ಪರೀಕ್ಷೆಗೆ ಮುಂದಿನ ಸರದಿಯವರೆಗೆ ಕಾಯಬೇಡಿ.

ಎರಡನೆಯದು ನಿಮ್ಮ ಕೆಲಸದ್ದು. ಹಂಗಾಮಿನ ದಿನಗಳಲ್ಲಿ ಬ್ಯಾಡಗಿಯಿಂದ ನನ್ನಲ್ಲಿಗೆ ಬರುವ ಹೆಣ್ಣುಮಕ್ಕಳನ್ನು ಬೆರಳು ನೋಡಿಯೇ ಗುರುತಿಸುತ್ತೇನೆ. ಉಗುರಿನ ಸಂದಿಯಲ್ಲಿ ಕೆಂಪು ಗೆರೆ, ಹೆಬ್ಬೆರಳಿನ ತುದಿಯ ಚರ್ಮ ಸುಲಿದು ನುಣುಪಾಗಿರುತ್ತದೆ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎನ್ನುತ್ತಾರೆ, ನಿಜ. ಆದರೆ ಕೆರೆದು ಸಿಪ್ಪೆ ಎದ್ದ ಚರ್ಮಕ್ಕೆ ಆ ಕಡಿಮೆ ಖಾರವೇ ಸಾಕು. ಅದರ ಧೂಳು ರವಿಕೆಯ ತೋಳಿನಲ್ಲಿ, ಸೀರೆಯ ನೆರಿಗೆಯಲ್ಲಿ ಕುಳಿತು ರಾತ್ರಿಯೂ ಕಾಡುತ್ತದೆ. ಚಿಕಿತ್ಸೆ ಮುಗಿಯುವವರೆಗೆ ಕೆಲಸ ಬಿಡಲು ಸಾಧ್ಯವಾದರೆ ಬಿಡಿ. ಸಂಸಾರ ಅದರಿಂದಲೇ ನಡೆಯಬೇಕಾದರೆ ಯಜಮಾನರ ಹಳೆಯ ತುಂಬುತೋಳಿನ ಹತ್ತಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಕೂರಿ. ಕೆಲಸ ಮುಗಿದ ಕೂಡಲೇ ಕೈಗೆ ನೀರು ಹಾಕಬೇಡಿ, ಮೆಣಸಿನ ಖಾರ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಒಂದು ಚಮಚ ಅಡುಗೆ ಎಣ್ಣೆಯನ್ನು ಬೆರಳ ಸಂದಿ ಬಿಡದಂತೆ ಸವರಿ, ಹಳೆಯ ಬಟ್ಟೆಯಿಂದ ಒರೆಸಿ, ಆಮೇಲೆ ಸಾಬೂನು ಹಚ್ಚಿ ತೊಳೆಯಿರಿ. ಉಟ್ಟ ಸೀರೆಯಲ್ಲೇ ಹಾಸಿಗೆಗೆ ಹೋಗಬೇಡಿ.

ಸ್ನಾನದ ಬಗ್ಗೆ ನಮ್ಮ ಕಡೆಯವರಿಗೆ ಎಷ್ಟು ಹೇಳಿದರೂ ಸಾಲದು. ಸುಡುವ ನೀರು ಸುರಿದುಕೊಂಡಾಗ ತುರಿಕೆಗೆ ಹಿತವೆನಿಸುತ್ತದೆ, ಅರ್ಧ ಗಂಟೆಗೆ ಇಮ್ಮಡಿಯಾಗಿ ಮರಳುತ್ತದೆ. ಉಗುರುಬೆಚ್ಚಗಿನ ನೀರು ಸಾಕು, ಬೇಗ ಮುಗಿಸಿ. ಸಾಬೂನು ಕಂಕುಳು, ತೊಡೆಸಂದಿ, ಪಾದಗಳಿಗಷ್ಟೇ ಇರಲಿ. ಕಲ್ಲಿನಿಂದ, ನಾರಿನಿಂದ ಉಜ್ಜುವುದು ಬೇಡ. ಮೈಯನ್ನು ಬಟ್ಟೆಯಿಂದ ಒತ್ತಿ ಒರೆಸಿ, ಇನ್ನೂ ತೇವವಿರುವಾಗಲೇ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ. ಒಣಗಿದ ಮೇಲೆ ಹಚ್ಚಿದರೆ ಅಷ್ಟು ಪ್ರಯೋಜನವಿಲ್ಲ. ಸಂಜೆ ಇನ್ನೊಮ್ಮೆ ಹಚ್ಚಿ. ರಾತ್ರಿ ತಡೆಯಲಾಗದಾಗ ಮಡಕೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ತುರಿಸುವ ಜಾಗಕ್ಕೆ ಹತ್ತು ನಿಮಿಷ ಇಡಿ, ಕೆರೆಯುವ ಬದಲು ಅಂಗೈಯಿಂದ ಒತ್ತಿ. ಬೇವು, ಅರಿಶಿನ ಅರೆದು ಗಾಯವಾದ ಚರ್ಮಕ್ಕೆ ಮೆತ್ತಬೇಡಿ. ಲಿವರಿಗೆ ಒಳ್ಳೆಯದೆಂದು ಯಾರಾದರೂ ಅಮೃತಬಳ್ಳಿ ಕಷಾಯ ತಂದುಕೊಟ್ಟರೆ ಅದನ್ನೂ ಕುಡಿಯಬೇಡಿ. ಅದರಿಂದಲೇ ಲಿವರ್ ಕೆಟ್ಟ ರೋಗಿಗಳ ಬಗ್ಗೆ ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ.

ಇನ್ನು ತೊಡೆಸಂದಿಯ ಬಳೆ. ಅದು ಗುಳಿಗೆಯ ದದ್ದಲ್ಲ, ಬಹುತೇಕ ಹುಳುಕಡ್ಡಿ. ನೀವು ಹಚ್ಚಿದ್ದು ಸ್ಟೀರಾಯ್ಡ್ ಬೆರೆತ ಮುಲಾಮು ಆಗಿರಬೇಕು. ಅದು ಎರಡು ದಿನ ಕೆಂಪು ಇಳಿಸಿ, ಒಳಗೆ ಶಿಲೀಂಧ್ರವನ್ನು ಆರಾಮವಾಗಿ ಬೆಳೆಯಲು ಬಿಡುತ್ತದೆ. ಚೀಟಿ ಇಲ್ಲದೆ ಇಂಥ ಮುಲಾಮು ಮಾರುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ನಮ್ಮ ಜಿಲ್ಲೆಗಳಲ್ಲಿ ಎಷ್ಟು ಮನೆಗಳ ಚರ್ಮ ಇದರಿಂದ ಹಾಳಾಗಿದೆ. ಅದನ್ನು ನಿಲ್ಲಿಸಿ ಚರ್ಮದ ವೈದ್ಯರಿಗೆ ತೋರಿಸಿ. ಹಾವೇರಿ ಜಿಲ್ಲಾ ಆಸ್ಪತ್ರೆಗಾಗಲಿ, ಹುಬ್ಬಳ್ಳಿಯ ಕಿಮ್ಸ್‌ಗಾಗಲಿ ಹೋಗುವಾಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಹಾಳೆಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಹುಳುಕಡ್ಡಿಗೆ ನುಂಗಲು ಕೊಡುವ ಕೆಲವು ಔಷಧಿಗಳು ಲಿವರಿಗೆ ಭಾರವಾಗುತ್ತವೆ, ನಿಮ್ಮ ಲಿವರಿನ ಸ್ಥಿತಿ ಅವರಿಗೆ ಗೊತ್ತಿರಬೇಕು.

ತುರಿಕೆಗೆ ಮಾತ್ರೆ ಬೇಕೆಂದರೆ ಎರಡು ಎಚ್ಚರಿಕೆ. ಮಂಪರು ತರುವ ಅಲರ್ಜಿ ಮಾತ್ರೆಯನ್ನು ಕೇಳಿ ತರಬೇಡಿ. ಲಿವರ್ ಸೋತವರಿಗೆ ಕಾಯಿಲೆಯಿಂದಲೇ ಬುದ್ಧಿ ಮಂಕಾಗಿ, ಹಗಲು ನಿದ್ದೆ, ಮಾತು ತಡವರಿಸುವುದು ಶುರುವಾಗುವುದುಂಟು. ಅದು ಮಾತ್ರೆಯ ಮಂಪರೋ ಲಿವರಿನ ತೊಂದರೆಯೋ ಮನೆಯವರಿಗೆ ತಿಳಿಯದೆ ಹೊತ್ತು ಮೀರುತ್ತದೆ. ಇನ್ನೊಂದು, ಯಾವ ಮಾತ್ರೆ ಬರೆದರೂ ಜೊತೆಗೆ ಅಸಿಡಿಟಿ ಮಾತ್ರೆಯೊಂದನ್ನು ಸೇರಿಸುವ ವಾಡಿಕೆ ನಮ್ಮಲ್ಲಿದೆ. ವೆಲ್ಪಟಾಸ್ವಿರ್ ಮೈಗೆ ಹತ್ತಲು ಹೊಟ್ಟೆಯ ಆಮ್ಲ ಬೇಕು. ಆಮ್ಲ ತಗ್ಗಿಸುವ ಮಾತ್ರೆ, ಜೆಲ್, ಸೋಡಾ ಏನನ್ನೇ ಆಗಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ದದ್ದೇ ಇಲ್ಲದೆ ಅಂಗೈ, ಅಂಗಾಲು ತುರಿಸುತ್ತಿದ್ದರೆ, ಕಣ್ಣು ಹಳದಿಯಾದರೆ ಅದು ಪಿತ್ತರಸ ಕಟ್ಟಿಕೊಂಡ ತುರಿಕೆ ಇರಬಹುದು. ಅದರ ಔಷಧಿಯೇ ಬೇರೆ. ಕಾಲಿನ ಕೆಂಪು ಚುಕ್ಕೆಗಳ ಮೇಲೆ ಗಾಜಿನ ಲೋಟವನ್ನು ಒತ್ತಿ ನೋಡಿ. ಬಣ್ಣ ಮಾಸಿದರೆ ಸಾಮಾನ್ಯ ದದ್ದು. ಗಾಜಿನ ಕೆಳಗೂ ನೇರಳೆಯಾಗಿಯೇ ಉಳಿದರೆ ರಕ್ತನಾಳದ ಉರಿಯೂತ ಇರಬಹುದು, ಈ ವೈರಸ್ಸಿನಿಂದ ಅದು ಬರುವುದುಂಟು. ಆ ವಾರವೇ ವೈದ್ಯರನ್ನು ಕಾಣಿರಿ. ಜ್ವರದ ಜೊತೆ ಬಾಯಿಯಲ್ಲಿ ಹುಣ್ಣು, ಕಣ್ಣು ಕೆಂಪು, ಮೈಮೇಲೆ ಗುಳ್ಳೆ, ಚರ್ಮ ಸುಲಿಯುವುದು, ಮುಖ ಊದುವುದು, ಉಸಿರಾಟಕ್ಕೆ ಕಷ್ಟ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಸೊಸೆಗೆ ಈ ಸಾಲುಗಳನ್ನು ಓದಿ ಹೇಳಿ. ಹೆಪಟೈಟಿಸ್ ಸಿ ಹರಡುವುದು ರಕ್ತದಿಂದ. ಎತ್ತಿಕೊಂಡರೆ, ಮುದ್ದಿಸಿದರೆ, ಒಂದೇ ತಟ್ಟೆಯಲ್ಲಿ ರೊಟ್ಟಿ ತಿಂದರೆ ಬರುವುದಿಲ್ಲ. ಗುಳಿಗೆಯ ದದ್ದು ಯಾರಿಗೂ ಅಂಟುವುದಿಲ್ಲ. ಕೆರೆದು ರಕ್ತ ಬಂದ ಜಾಗವನ್ನು ಪಟ್ಟಿಯಿಂದ ಮುಚ್ಚಿ, ನಿಮ್ಮ ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ ಬೇರೆ ಇಟ್ಟುಕೊಳ್ಳಿ. ಹುಳುಕಡ್ಡಿ ಮಾತ್ರ ಅಂಟುತ್ತದೆ, ಅದಕ್ಕೆ ಟವೆಲ್, ಹಾಸಿಗೆ ಬಟ್ಟೆ ಬೇರೆ ಇರಲಿ, ಬಿಸಿಲಿಗೆ ಒಣಗಿಸಿ. ಇಷ್ಟು ನೋಡಿಕೊಂಡರೆ ಮೊಮ್ಮಗು ನಿಮ್ಮ ಮಡಿಲಲ್ಲೇ ಇರಲಿ.

ಪ್ರಶ್ನೆ: ನಾನು ಗದಗ-ಬೆಟಗೇರಿಯ ನೇಕಾರ, 58 ವರ್ಷ. ಹೆಪಟೈಟಿಸ್ ಸಿ ಚಿಕಿತ್ಸೆ ಮುಗಿದು ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ವೈರಸ್ ಇಲ್ಲ ಎಂದು ಬಂತು. ಆದರೆ ಮಣಿಕಟ್ಟಿನ ಒಳಭಾಗದಲ್ಲಿ ನೇರಳೆ ಬಣ್ಣದ ಚಪ್ಪಟೆ ಗುಳ್ಳೆಗಳು, ತುರಿಕೆ. ಕಾಯಿಲೆ ಮರಳಿತೇ?

ಉತ್ತರ: ಮರಳಿದೆ ಎಂದು ಗುಳ್ಳೆ ನೋಡಿ ಹೇಳಲಾಗದು. ನೀವು ಬರೆದದ್ದು ಲೈಕೆನ್ ಪ್ಲಾನಸ್ ಎಂಬ ಚರ್ಮರೋಗಕ್ಕೆ ಹೊಂದುತ್ತದೆ. ಹೆಪಟೈಟಿಸ್ ಸಿ ಇರುವವರಲ್ಲಿ ಇದು ಹೆಚ್ಚು, ವೈರಸ್ ಹೋದ ಮೇಲೂ ಇದು ತನ್ನ ಪಾಡಿಗೆ ಉಳಿಯುವುದುಂಟು. ಕನ್ನಡಿಯಲ್ಲಿ ಕೆನ್ನೆಯ ಒಳಭಾಗ ನೋಡಿಕೊಳ್ಳಿ, ಬಿಳಿಯ ಜಾಲದಂತೆ ಗೆರೆಗಳಿದ್ದರೆ ವೈದ್ಯರಿಗೆ ಹೇಳಿ. ಅಲ್ಲಿ ಉರಿಯಿದ್ದರೆ ತಂಬಾಕು, ಸುಣ್ಣ, ಖಾರ ಬಿಡಿ. ಮಣಿಕಟ್ಟಿಗೆ ವೈದ್ಯರು ಬರೆದ ಸ್ಟೀರಾಯ್ಡ್ ಮುಲಾಮನ್ನು ಅವರು ಹೇಳಿದಷ್ಟು ದಿನ ಮಾತ್ರ ಹಚ್ಚಿ. ಗುಳ್ಳೆ ಮಾಯವಾದರೂ ಕಂದು ಕಲೆ ಹಲವು ತಿಂಗಳು ಇರುತ್ತದೆ.

ಇನ್ನೊಂದು ಮಾತು. ಮುಂದೆ ಬೇರಾವುದೋ ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತ ಪರೀಕ್ಷಿಸಿ ಹೆಪಟೈಟಿಸ್ ಸಿ ಪಾಸಿಟಿವ್ ಎಂದು ಹೇಳಿಯಾರು, ಗಾಬರಿಯಾಗಬೇಡಿ. ಆ ಪರೀಕ್ಷೆ ಹುಡುಕುವುದು ಪ್ರತಿಕಾಯಗಳನ್ನು, ಗುಣವಾದವರಲ್ಲೂ ಅವು ವರ್ಷಾನುಗಟ್ಟಲೆ ಉಳಿಯುತ್ತವೆ. ವೈರಸ್ ಇದೆಯೋ ಇಲ್ಲವೋ ಎಂದು ಹೇಳುವುದು ಆರ್‌ಎನ್‌ಎ ಪರೀಕ್ಷೆ. ಆ ವರದಿಯ ಎರಡು ಪ್ರತಿ ಮಾಡಿಸಿ, ಒಂದನ್ನು ಆಧಾರ್ ಕಾರ್ಡಿನ ಜೊತೆಯಲ್ಲೇ ಇಡಿ.