ಸಂಪಾದಕರ ಉತ್ತರ: ಮಗಳು ಯಾರಿಗೆ ಸೇರುತ್ತಾಳೆ?

ಮಾನ್ಯರೇ,

ದಾವಣಗೆರೆಯಿಂದ ನೀವು ಬರೆದ ಪತ್ರ ತಲುಪಿತು. ನಿಮ್ಮ ಪತ್ನಿ ಆರು ವರ್ಷದ ಮಗಳೊಂದಿಗೆ ಎಂಟು ತಿಂಗಳಿಂದ ಶಿವಮೊಗ್ಗದ ತವರಿನಲ್ಲಿದ್ದಾರೆ. ಮಗಳಿಗೆಂದು ಕೊಂಡ ಸೈಕಲ್ಲು ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ನಿಮ್ಮ ಪಡಸಾಲೆಯಲ್ಲಿ ನಿಂತಿದೆ. ಐದು ವರ್ಷ ತುಂಬಿದ ಮಗು ಕಾನೂನಿನಂತೆ ತಂದೆಗೇ ಸೇರುತ್ತದೆಂದು ಪರಿಚಿತರೊಬ್ಬರು ಹೇಳಿದ್ದು ನಿಜವೇ ಎಂದು ಕೇಳಿದ್ದೀರಿ.

ನಿಜವಲ್ಲ. ಹಿಂದೂಗಳಿಗೆ ಅನ್ವಯಿಸುವ 1956ರ ಅಪ್ರಾಪ್ತವಯಸ್ಕರ ಪಾಲಕತ್ವದ ಕಾಯ್ದೆ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆಯೇ ಹೊರತು, ಐದು ತುಂಬಿದ ಮರುದಿನ ತಂದೆಗೆ ಒಪ್ಪಿಸಬೇಕೆಂದು ಹೇಳುವುದಿಲ್ಲ. ಸಹಜ ಪಾಲಕರಲ್ಲಿ, ಎಂದರೆ ಕಾಯ್ದೆಯೇ ಮಗುವಿನ ಪಾಲಕರೆಂದು ಗುರುತಿಸುವವರಲ್ಲಿ, ತಂದೆಯನ್ನು ಮೊದಲು ಹೆಸರಿಸಿರುವುದರಿಂದ ಈ ತಪ್ಪು ತಿಳಿವಳಿಕೆ ಹುಟ್ಟಿರಬಹುದು. ಆದರೆ ಅದೇ ಕಾಯ್ದೆಯ 13ನೇ ಸೆಕ್ಷನ್ ಮಗುವಿನ ಹಿತವನ್ನು ಎಲ್ಲಕ್ಕಿಂತ ಮೇಲಿಟ್ಟಿದೆ. ಮಕ್ಕಳು ಹೆತ್ತವರ ಸ್ವತ್ತಲ್ಲವೆಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. ಆದ್ದರಿಂದ ‘ಸೇರುತ್ತದೆ’ ಎಂಬ ಮಾತನ್ನೇ ದಯವಿಟ್ಟು ಕೈಬಿಡಿ.

ಕೌಟುಂಬಿಕ ನ್ಯಾಯಾಲಯ ನೋಡುವುದು ಮಗುವಿನ ದಿನಚರಿಯನ್ನು: ಬೆಳಿಗ್ಗೆ ಎಬ್ಬಿಸಿ ಜಡೆ ಹೆಣೆಯುವವರು ಯಾರು, ಜ್ವರ ಬಂದಾಗ ಪಕ್ಕದಲ್ಲಿರುವವರು ಯಾರು, ಶಾಲೆ ಮತ್ತು ಗೆಳತಿಯರು ಎಲ್ಲಿದ್ದಾರೆ, ಒಬ್ಬರ ಬಳಿಯಿದ್ದರೆ ಇನ್ನೊಬ್ಬರೊಂದಿಗಿನ ಒಡನಾಟ ಉಳಿಯುತ್ತದೆಯೇ. ವರಮಾನವೂ ಲೆಕ್ಕಕ್ಕೆ ಬರುತ್ತದೆ, ಆದರೆ ಅದೊಂದರಿಂದಲೇ ಏನೂ ತೀರ್ಮಾನವಾಗದು. ನಿಮ್ಮ ಪತ್ರದಲ್ಲಿ ಸಂಬಳದ ವಿವರ ಎರಡು ಕಡೆ ಬಂದಿದೆ; ಮಗಳ ಶಿಕ್ಷಕಿಯ ಹೆಸರು ಒಂದು ಕಡೆಯೂ ಇಲ್ಲ. ನೋಯಿಸಲೆಂದು ಇದನ್ನು ಬರೆಯುತ್ತಿಲ್ಲ, ನ್ಯಾಯಾಧೀಶರು ಮೊದಲು ಕೇಳಬಹುದಾದದ್ದು ಇಂಥದ್ದೇ.

‘ಅಪ್ಪನ ಹತ್ತಿರವೇ ಇರ್ತೀನಿ’ ಎನ್ನಬೇಕೆಂದು ಫೋನಿನಲ್ಲಿ ಮಗಳಿಗೆ ಹೇಳಿಕೊಟ್ಟಿದ್ದೀರಿ. ಇನ್ನು ಮುಂದೆ ಹಾಗೆ ಮಾಡಬೇಡಿ. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ಪರಿಗಣಿಸಲು 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆ ಅವಕಾಶ ಕೊಟ್ಟಿದೆ, ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಮಗುವನ್ನು ಒಂಟಿಯಾಗಿ ಮಾತನಾಡಿಸುವುದೂ ಉಂಟು. ಆದರೆ ಬಾಯಿಪಾಠದ ಮಾತನ್ನು ಗುರುತಿಸುವುದು ಅವರಿಗೆ ಕಷ್ಟವಲ್ಲ. ಅದಕ್ಕಿಂತ ಹೆಚ್ಚಾಗಿ, ಅಪ್ಪನನ್ನೋ ಅಮ್ಮನನ್ನೋ ಬಿಟ್ಟುಕೊಡುವ ಮಾತನ್ನು ಆರು ವರ್ಷದ ಹುಡುಗಿಯಿಂದ ಆಡಿಸುವುದು ಅನ್ಯಾಯ.

ಮಗಳ ಪಾಲನೆ ಕೋರುವ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸಿಸುವ ಊರಿನ ನ್ಯಾಯಾಲಯದಲ್ಲಿ ಹಾಕಬೇಕು. ಎಂಟು ತಿಂಗಳಿಂದ ಅವಳು ಶಿವಮೊಗ್ಗದಲ್ಲೇ ಓದುತ್ತಿರುವುದರಿಂದ, ದಾವಣಗೆರೆಯಲ್ಲಿ ಹಾಕಿದರೆ ಆಕ್ಷೇಪಣೆಯಲ್ಲೇ ತಿಂಗಳುಗಳು ಕಳೆದಾವು. ಇದನ್ನು ವಕೀಲರೊಂದಿಗೆ ಮೊದಲೇ ಚರ್ಚಿಸಿ. ನ್ಯಾಯಾಲಯ ಮೊದಲು ರಾಜಿಗೆ ಯತ್ನಿಸುತ್ತದೆ, ಆಪ್ತಸಮಾಲೋಚಕರ ಬಳಿಗೂ ಕಳಿಸುತ್ತದೆ. ಅಲ್ಲಿ ಪತ್ನಿಯ ತಪ್ಪುಗಳ ಪಟ್ಟಿ ಓದದೆ, ಯಾವ ವಾರ ಎಷ್ಟು ಹೊತ್ತು, ಬೇಸಿಗೆ ಮತ್ತು ದಸರಾ ರಜೆಯಲ್ಲಿ ಎಷ್ಟು ದಿನ, ಕರೆದೊಯ್ದು ಬಿಡುವವರು ಯಾರು ಎಂಬುದನ್ನು ಬರೆದುಕೊಂಡು ಹೋಗಿ. ಇಬ್ಬರೂ ಒಪ್ಪಿದ ಏರ್ಪಾಡು ಹೊರಗಿನಿಂದ ಹೇರಿದ ಆದೇಶಕ್ಕಿಂತ ಹೆಚ್ಚು ಬಾಳುತ್ತದೆ ಎಂಬುದು ನನ್ನ ನಂಬಿಕೆ. ಜೀವನಾಂಶವನ್ನು ಮಾತ್ರ ಭೇಟಿಯೊಂದಿಗೆ ಗಂಟುಹಾಕಿ ತಡೆಹಿಡಿಯಬೇಡಿ.

ಅಂತಿಮ ತೀರ್ಪು ತಡವಾದರೂ ಮಧ್ಯಂತರ ಭೇಟಿಯ ಆದೇಶವನ್ನು ಈಗಲೇ ಕೇಳಬಹುದು. ವೀಡಿಯೊ ಕರೆಯನ್ನೂ ಅದರಲ್ಲಿ ಸೇರಿಸಿ. ದೂರವಿರುವ ಪೋಷಕರಿಗೆ ಅದು ಸಿಗಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಪಾಲನೆಯ ಆದೇಶ ಶಾಶ್ವತವೂ ಅಲ್ಲ, ಮಗು ಬೆಳೆದಂತೆ ಬದಲಾವಣೆ ಕೋರಬಹುದು.

ಮಗಳು ಮನೆಗೆ ಮರಳಿದ ದಿನವೇ ಸೈಕಲ್ಲು ಕೊಡುವುದಾಗಿ ಬರೆದಿದ್ದೀರಿ. ಅಷ್ಟು ದಿನ ಕಾಯಿಸಬೇಡಿ, ಶಿವಮೊಗ್ಗಕ್ಕೇ ಕಳಿಸಿಕೊಡಿ.

— ಸಂಪಾದಕ