ಮಗುವಿನ ಒಣಚರ್ಮ: ಯಾವ ಮುಲಾಮು, ಎಷ್ಟು, ಯಾವಾಗ?

ಮಳೆಗಾಲ ಮುಗಿದು ಕಾಫಿ ಕೊಯ್ಲು ಆರಂಭವಾಗುವ ಹೊತ್ತಿಗೆ ಮಡಿಕೇರಿಯಿಂದಲೂ ವಿರಾಜಪೇಟೆಯಿಂದಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರತೊಡಗುತ್ತದೆ. ಪ್ರತಿ ವರ್ಷವೂ ಉತ್ತರಿಸಿದ್ದೇನೆ. ಆದರೂ ಮಕ್ಕಳು ಕೆರೆದುಕೊಂಡು ರಕ್ತ ಬರಿಸಿಕೊಂಡ ಮೇಲೆಯೇ ನನ್ನ ಮುಂದೆ ಬರುತ್ತಿರುವುದರಿಂದ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ.

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಚಳಿಗಾಲದಲ್ಲಿ ಮೈಯೆಲ್ಲ ಒಣಗಿ ಬಿರಿಯುತ್ತದೆ, ಮೊಣಕೈ ಮಡಿಕೆಯಲ್ಲಿ ಕೆಂಪಾಗಿ ರಾತ್ರಿಯಿಡೀ ಕೆರೆದುಕೊಳ್ಳುತ್ತಾಳೆ. ನಾಲ್ಕು ಕಂಪನಿಗಳ ಲೋಷನ್ ಬದಲಾಯಿಸಿದೆವು. ನಿಜವಾಗಿ ಕೆಲಸ ಮಾಡುವ ಮಾಯಿಶ್ಚರೈಸರ್ ಯಾವುದು? (ಒಬ್ಬ ತಾಯಿ, ಸೋಮವಾರಪೇಟೆ)

ಉತ್ತರ: ಒಂದೊಂದು ಬಾಟಲಿ ಎಷ್ಟು ದಿನಕ್ಕೆ ಖಾಲಿಯಾಯಿತು ಎಂಬುದನ್ನು ನೀವು ಬರೆದಿಲ್ಲ. ನನಗೆ ಮೊದಲು ಬೇಕಾದದ್ದು ಅದೇ. ಇಡೀ ಮೈ ಒಣಗಿರುವ, ಇಸುಬು ಇರುವ ಮಗುವಿಗೆ ವಾರಕ್ಕೆ 250 ಗ್ರಾಂನಷ್ಟಾದರೂ ಮುಲಾಮು ಬೇಕಾಗುತ್ತದೆ. ನೂರು ಗ್ರಾಂ ಟ್ಯೂಬನ್ನು ಎರಡು ತಿಂಗಳು ಬಳಸಿ "ಇದು ನಾಟಲಿಲ್ಲ" ಎಂದು ಮುಂದಿನ ಕಂಪನಿಗೆ ಹೋಗುವವರು ಯಾವ ಕಂಪನಿಯನ್ನೂ ಪರೀಕ್ಷಿಸಿದಂತಾಗುವುದಿಲ್ಲ.

ಇಂಥ ಮಕ್ಕಳ ಚರ್ಮದ ಹೊರಪದರದಲ್ಲಿ ಜೀವಕೋಶಗಳ ನಡುವೆ ಗಾರೆಯಂತೆ ಇರಬೇಕಾದ ಸೆರಮೈಡ್ ಮುಂತಾದ ಕೊಬ್ಬಿನಂಶ ಕಡಿಮೆ ಇರುತ್ತದೆ. ಅನೇಕರಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನು ಹುಟ್ಟಿನಿಂದಲೇ ಕೊರತೆಯಾಗಿರುತ್ತದೆ. ಆ ಪ್ರೋಟೀನನ್ನು ತಯಾರಿಸುವ ವಂಶವಾಹಿಯ ದೋಷಕ್ಕೂ ಇಸುಬಿಗೂ ಇರುವ ನಂಟು 2006ರಲ್ಲಿ ಖಚಿತವಾಯಿತು. ಆದ್ದರಿಂದ ಚರ್ಮದೊಳಗಿನ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಲೋಷನ್ನಿನಲ್ಲಿ ಹೆಚ್ಚಿನ ಪಾಲು ನೀರೇ ಇರುವುದರಿಂದ ಅದು ಆ ಸೋರಿಕೆಯನ್ನು ಹೆಚ್ಚು ಹೊತ್ತು ತಡೆಯಲಾರದು. ನಿಮ್ಮ ಮಗಳಿಗೆ ಹಗಲಿನಲ್ಲಿ ಗ್ಲಿಸರಿನ್ ಮತ್ತು ಸೆರಮೈಡ್ ಇರುವ, ಸುವಾಸನೆ ಸೇರಿಸದ ಗಟ್ಟಿ ಕ್ರೀಮು, ರಾತ್ರಿ ಬಿಳಿ ಪೆಟ್ರೋಲಿಯಂ ಜೆಲ್ಲಿಯಂಥ ಜಿಡ್ಡು ಮುಲಾಮು ಸರಿಹೋಗುತ್ತದೆ. ಜೆಲ್ಲಿ ಅಗ್ಗವೆಂಬ ಕಾರಣಕ್ಕೆ ಅದನ್ನು ಕೀಳಾಗಿ ಕಾಣುವವರ ಬಗ್ಗೆ ನನಗೆ ತಾಳ್ಮೆಯಿಲ್ಲ. ನೀರಿನ ಆವಿಯನ್ನು ತಡೆಯುವುದರಲ್ಲಿ ಅದಕ್ಕೆ ಸಾಟಿಯಾದದ್ದು ಕಡಿಮೆ. ಯೂರಿಯಾ ಅಥವಾ ಲ್ಯಾಕ್ಟಿಕ್ ಆಮ್ಲ ಇರುವ ಕ್ರೀಮು ಬಿರಿದ ಚರ್ಮದ ಮೇಲೆ ಉರಿಯುವುದರಿಂದ, ಒಮ್ಮೆ ಉರಿ ತಿಂದ ಮಗು ಮತ್ತೆ ಡಬ್ಬಿ ಕಂಡರೇ ಓಡುತ್ತದೆ.

ಇನ್ನು ಸ್ನಾನದ ವಿಚಾರ. ನಮ್ಮ ಬಚ್ಚಲಿನಲ್ಲಿ ಹಂಡೆಯ ನೀರು ಹಬೆಯಾಡುತ್ತಿರುತ್ತದೆ. ಮಗುವಿಗೆ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಆ ಸುಡುನೀರು ಹುಯ್ದು, ಕಡಲೆಹಿಟ್ಟಿನಿಂದ ಉಜ್ಜಿ ತೆಗೆಯುತ್ತೇವೆ. ಹಚ್ಚಿದ ಎಣ್ಣೆಯ ಜೊತೆಗೆ ಚರ್ಮ ತಾನೇ ಉಳಿಸಿಕೊಂಡಿದ್ದ ಅಲ್ಪಸ್ವಲ್ಪ ಜಿಡ್ಡೂ ಚರಂಡಿ ಸೇರುತ್ತದೆ. ಅಜ್ಜಿಯಂದಿರ ಪ್ರೀತಿಯನ್ನು ನಾನು ಗೌರವಿಸುತ್ತೇನೆ, ಆದರೆ ಒಣಚರ್ಮದ ಮಗುವಿಗೆ ಈ ಕ್ರಮ ತಿರುಗುಮುರುಗಾಗಬೇಕು: ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಮೀರದ ಸ್ನಾನ, ಟವೆಲಿನಿಂದ ಉಜ್ಜದೆ ಒತ್ತಿ ಒರೆಸುವುದು, ಮೈಯಲ್ಲಿ ಇನ್ನೂ ತೇವ ಇರುವಾಗಲೇ, ಅಂದರೆ ಮೂರು ನಿಮಿಷದೊಳಗೆ, ಬಚ್ಚಲುಮನೆಯಲ್ಲಿಯೇ ಮುಲಾಮು ಹಚ್ಚುವುದು. ಕೂದಲು ಬೆಳೆದ ದಿಕ್ಕಿನಲ್ಲಿ ಕೆಳಮುಖವಾಗಿ ಸವರಿರಿ. ಮೇಲೆ ಕೆಳಗೆ ತಿಕ್ಕಿದರೆ ಕೂದಲಬುಡದಲ್ಲಿ ಗುಳ್ಳೆಗಳೇಳುತ್ತವೆ. ಡಬ್ಬಿಯಿಂದ ತೆಗೆಯಲು ಬೆರಳಿನ ಬದಲು ಶುಭ್ರವಾದ ಚಮಚ ಬಳಸಿರಿ. ಸ್ವೆಟರಿನ ಉಣ್ಣೆ ನೇರವಾಗಿ ಮೈಗೆ ತಾಗದಂತೆ ಒಳಗೆ ಹತ್ತಿಯ ಅಂಗಿ ತೊಡಿಸಿರಿ.

ಒಂದು ಎಚ್ಚರಿಕೆಯನ್ನು ನಮ್ಮ ಜಿಲ್ಲೆಯವರಿಗೆಂದೇ ಹೇಳಬೇಕಾಗಿದೆ. ಇಂಥ ಮುಲಾಮು ಹೀರಿಕೊಂಡ ಬಟ್ಟೆಗೆ ಬೆಂಕಿ ಬಹುಬೇಗ ಹತ್ತುತ್ತದೆ, ಒಗೆದರೂ ಆ ಜಿಡ್ಡು ಪೂರ್ತಿ ಹೋಗುವುದಿಲ್ಲ. ಮುಲಾಮು ಹಚ್ಚಿಸಿಕೊಂಡ ಮಗುವನ್ನು ಚಳಿ ಕಾಯಿಸಲೆಂದು ಒಲೆಯ ಬಾಯಿಯ ಮುಂದೆ ಕೂರಿಸಲೇಬೇಡಿ.

ಮಡಿಕೆಯ ಕೆಂಪಿಗೆ ಮುಲಾಮು ಒಂದೇ ಸಾಲದಿರಬಹುದು. ವೈದ್ಯರು ಸೌಮ್ಯವಾದ ಸ್ಟೀರಾಯ್ಡ್ ಬರೆದುಕೊಟ್ಟರೆ ಹೆದರದೆ, ಹೇಳಿದಷ್ಟು ದಿನ ಹಚ್ಚಿರಿ. ಹಳದಿ ಹೊಪ್ಪಳೆ ಕಟ್ಟಿದರೆ, ಅಥವಾ ಜ್ವರದೊಂದಿಗೆ ನೋಯುವ ನೀರುಗುಳ್ಳೆಗಳು ಗುಂಪಾಗಿ ಎದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಪಕ್ಕದ ಮನೆಯ ಮಗುವಿಗೆ ಎರಡೇ ದಿನದಲ್ಲಿ ಗುಣವಾದ ಬಿಳಿ ಕ್ರೀಮನ್ನು ನಾವೂ ಅಂಗಡಿಯಿಂದ ತರಬಹುದೆ? (ಕುಶಾಲನಗರ)

ಉತ್ತರ: ಬೇಡ. ಎರಡು ದಿನದಲ್ಲಿ ಗುಣ ಕಂಡಿದ್ದರೆ ಅದರಲ್ಲಿ ತೀಕ್ಷ್ಣವಾದ ಸ್ಟೀರಾಯ್ಡ್ ಇದ್ದಿರಬಹುದು, ಅದು ಮಗುವಿನ ಚರ್ಮವನ್ನು ತೆಳ್ಳಗಾಗಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಅಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ.

ಪ್ರಶ್ನೆ: ಆಲಿವ್ ಎಣ್ಣೆ? ಸಾಸಿವೆ ಎಣ್ಣೆ? (ವಿರಾಜಪೇಟೆ)

ಉತ್ತರ: ಎರಡೂ ಬೇಡ, ಅವು ಹೊರಪದರವನ್ನು ಇನ್ನಷ್ಟು ಕೆಡಿಸುತ್ತವೆ; ಎಣ್ಣೆಯೇ ಬೇಕೆಂದರೆ ಸ್ನಾನದ ನಂತರ ಶುದ್ಧ ಕೊಬ್ಬರಿ ಎಣ್ಣೆ ಸವರಿರಿ.

ಪ್ರಶ್ನೆ: ರಕ್ತ ಕೆಟ್ಟಿದೆ, ಶುದ್ಧಿಯಾಗಲು ಪುಡಿ ಕುಡಿಸಿ, ಹಾಲು ಮೊಟ್ಟೆ ಬಿಡಿಸಿ ಎಂದು ಒಬ್ಬರು ಹೇಳಿದ್ದಾರೆ. (ಮಡಿಕೇರಿ)

ಉತ್ತರ: ರಕ್ತ ಕೆಟ್ಟಿಲ್ಲ, ಪರೀಕ್ಷೆಯಿಲ್ಲದೆ ಬೆಳೆಯುವ ಮಗುವಿನ ಹಾಲು ಮೊಟ್ಟೆ ಕಿತ್ತುಕೊಳ್ಳುವವರ ಮನೆಗೆ ಮತ್ತೆ ಹೋಗಬೇಡಿ.

ಪ್ರಶ್ನೆ: ಚರ್ಮ ಮೆತ್ತಗಾದ ಮೇಲೆ ನಿಲ್ಲಿಸಬಹುದೆ? (ಶನಿವಾರಸಂತೆ)

ಉತ್ತರ: ನಿಲ್ಲಿಸಬೇಡಿ. ಚಳಿಗಾಲವಿಡೀ ದಿನಕ್ಕೆ ಎರಡು ಸಲ ಹಚ್ಚಿರಿ, ಕಾಫಿಗೆ ಹೂಮಳೆ ಬಿದ್ದ ಮೇಲೂ ಸ್ನಾನದ ನಂತರ ಒಂದು ಸಲ ಹಚ್ಚುತ್ತಲೇ ಇರಿ.